ಸ್ಟೇಬಲ್ ಅಂದರೇನು ಎಂದು ಕೇಳಿದಾಕೆ

ಆಕೆ ತೀರಿಕೊಂಡ ಮೇಲೆ ನಮ್ಮ ಬೀದಿಯವರು ಹೇಳುವ ಮಾತು ಒಂದೇ: ‘ಬಾಯಿ ಜೋರು, ಆದ್ರೂ ಒಳ್ಳೆ ಹೆಂಗಸು.’ ಆ ‘ಆದ್ರೂ’ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆಕೆ ಮೆತ್ತಗೆ ಮಾತಾಡುವ ಹೆಂಗಸಾಗಿದ್ದರೆ ಈ ಊರು ಆಕೆಯ ಗಂಡನನ್ನು ಬುದ್ಧಿಗೆಟ್ಟವನೆಂದು ಎಂದೋ ಮೂಲೆಯಲ್ಲಿ ಕೂರಿಸಿಬಿಡುತ್ತಿತ್ತು. ಹಾಗೆ ಕೂರಿಸಲು ಹೊರಟಿದ್ದವರೇ ಇವತ್ತು ಆಕೆಯ ಬಾಯಿಯ ಬಗ್ಗೆ ಮಾತಾಡುತ್ತಾರೆ.

ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ನನ್ನದು ಮೆಡಿಕಲ್ ಸ್ಟೋರ್. ಅಂಗಡಿಯ ಹಿಂದಿನ ಸಾಲಿನಲ್ಲಿ ಅವರ ಮನೆ, ಮನೆಗೆ ಅಂಟಿಕೊಂಡಂತೆ ಪವರ್‌ಲೂಮ್ ಶೆಡ್ಡು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಗಂಡ ಮಗ್ಗ ನೋಡಿಕೊಂಡರೆ, ನೂಲು ಸುತ್ತುವುದರಿಂದ ಹಿಡಿದು ಸೀರೆ ವ್ಯಾಪಾರಿಗಳ ಜೊತೆ ಜಗಳವಾಡುವವರೆಗೆ ಉಳಿದದ್ದೆಲ್ಲ ಆಕೆಯದು. ಮಗ್ಗದ ಸದ್ದಿನಲ್ಲಿ ಬದುಕುವವರ ದನಿ ಸಹಜವಾಗಿಯೇ ದೊಡ್ಡದಾಗಿರುತ್ತದೆ. ಆಕೆ ಬಂದು ‘ಏನಪ್ಪಾ ಮೆಡಿಕಲ್ಲು, ತಲೆನೋವಿಗೊಂದು ಮಾತ್ರೆ ಕೊಡು’ ಎಂದರೆ ಎದುರು ಸಾಲಿನ ಬೇಕರಿಯವನೂ ತಿರುಗಿ ನೋಡುತ್ತಿದ್ದ. ನನಗಿಂತ ಹಿರಿಯರು. ನಾನು ಅಕ್ಕ ಎನ್ನುತ್ತಿದ್ದೆ. ಆಕೆ ಮಾತ್ರ ನನ್ನನ್ನು ಹೆಸರು ಹಿಡಿದು ಒಮ್ಮೆಯೂ ಕರೆದದ್ದಿಲ್ಲ.

ಒಂದು ಮಧ್ಯಾಹ್ನ ಗಂಡ ನೆಲಮಂಗಲದ ವ್ಯಾಪಾರಿಗೆ ಸೀರೆ ಗಂಟು ಕೊಟ್ಟು ಸ್ಕೂಟರಿನಲ್ಲಿ ವಾಪಸು ಬರುತ್ತಿದ್ದರು. ಅರಿಶಿನಕುಂಟೆಯ ಹತ್ತಿರ ಕಾರೊಂದು ಹಿಂದಿನಿಂದ ಗುದ್ದಿ, ನಿಲ್ಲದೆ ಹೋಯಿತು. ಹೆಲ್ಮೆಟ್ ಹಾಕಿದ್ದರು, ಬೆಲ್ಟ್ ಬಿಗಿದಿರಲಿಲ್ಲ. ತಲೆಯ ಎಡಭಾಗಕ್ಕೆ ಪೆಟ್ಟು. ಯಾರೋ ಪುಣ್ಯಾತ್ಮರು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಔಷಧಿ ವಿಷಯ ತಿಳಿದವನು ಜೊತೆಗಿರಲಿ ಎಂದು ಆಕೆ ನನ್ನನ್ನೂ ಎಳೆದುಕೊಂಡು ಹೋದರು.

ಆಪರೇಷನ್ ಆದ ಮರುದಿನ ಐಸಿಯು ಬಾಗಿಲು ತೆರೆದು ಡಾಕ್ಟರೊಬ್ಬರು ಹೊರಬಂದರು. ‘ಪೇಶೆಂಟ್ ಸ್ಟೇಬಲ್ ಇದಾರೆ’ ಎಂದು ಹೇಳಿ ಮುಂದೆ ನಡೆದರು. ಅಲ್ಲೇ ಇದ್ದ ಆಕೆಯ ಮೈದುನ ಫೋನು ತೆಗೆದು ಊರಿಗೆಲ್ಲ ಸುದ್ದಿ ಮುಟ್ಟಿಸಿದ: ‘ಅಣ್ಣ ಸ್ಟೇಬಲ್ ಆದ್ರು, ಇನ್ನೇನೂ ಭಯ ಇಲ್ಲ.’ ಬಂದಿದ್ದ ನೆಂಟರು ನಿಟ್ಟುಸಿರು ಬಿಟ್ಟು ಊರಿಗೆ ಹೊರಡಲು ಎದ್ದರು. ಆಕೆಗೆ ಮಾತ್ರ ಸಮಾಧಾನವಿಲ್ಲ. ಗಾಜಿನ ಆಚೆ ಕಂಡ ಗಂಡ ಕಣ್ಣು ಬಿಟ್ಟಿರಲಿಲ್ಲ, ಬಾಯಲ್ಲಿ ಕೊಳವೆ ಇತ್ತು. ಡಾಕ್ಟರ ಹಿಂದೆಯೇ ಓಡಿ, ಮುಚ್ಚುತ್ತಿದ್ದ ಲಿಫ್ಟಿಗೆ ಕೈ ಅಡ್ಡ ಹಿಡಿದರು.

‘ಸಾರ್, ಸ್ಟೇಬಲ್ ಅಂದ್ರೇನು?’

‘ಕಂಡೀಷನ್ ಸ್ಟೇಬಲ್ ಆಗಿದೆಯಮ್ಮ.’

‘ಅದೇ, ಸ್ಟೇಬಲ್ ಅಂದ್ರೇನು? ಹುಷಾರಾದ್ರು ಅಂತಾನಾ?’

‘ಹಾಗಲ್ಲ. ನಿನ್ನೆ ಹೇಗಿದ್ರೋ ಇವತ್ತೂ ಹಾಗೇ ಇದಾರೆ. ಕ್ರಿಟಿಕಲ್ಲೇ. ಆದ್ರೆ ಸ್ಟೇಬಲ್.’

‘ಹಂಗಂತ ಹೇಳೋಕೆ ಏನ್ ಕಷ್ಟ ನಿಮಗೆ? ಅಲ್ಲಿ ಜನ ವಾಸಿ ಆಯ್ತು ಅಂತ ಬ್ಯಾಗ್ ಕಟ್ಕೋತಾ ಇದಾರೆ!’

ಡಾಕ್ಟರು ಕೆಟ್ಟವರಾಗಿರಲಿಲ್ಲ, ಅವಸರದಲ್ಲಿದ್ದರು ಅಷ್ಟೆ. ಆದರೆ ಆ ಅವಸರವನ್ನು ನಾನು ಇವತ್ತಿಗೂ ಒಪ್ಪಿಕೊಂಡಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ‘ಚಪ್ಪಲಿ ಇಲ್ಲಿ ಬಿಡಿ’ ಎಂಬುದು ಕನ್ನಡದಲ್ಲಿತ್ತು. ‘ಹಣ ಇಲ್ಲಿ ಪಾವತಿಸಿ’ ಎಂಬುದೂ ಕನ್ನಡದಲ್ಲಿತ್ತು. ಒಳಗಿರುವ ಮನುಷ್ಯ ಬದುಕುತ್ತಾನೋ ಇಲ್ಲವೋ ಎಂಬುದು ಮಾತ್ರ ಇಂಗ್ಲಿಷಿನಲ್ಲಿತ್ತು.

ಗಂಡ ಬದುಕಿದರು. ಬಲಗೈ, ಬಲಗಾಲು ಸೋತಿದ್ದವು. ಕಣ್ಣು ಎಲ್ಲವನ್ನೂ ಹಿಂಬಾಲಿಸುತ್ತಿತ್ತು, ಆದರೆ ಬಾಯಿಂದ ಮಾತಿಲ್ಲ. ಮನೆಗೆ ಕಳಿಸುವಾಗ ಆಸ್ಪತ್ರೆಯವರು ದಪ್ಪ ಫೈಲೊಂದನ್ನು ಕೊಟ್ಟಿದ್ದರು. ಆಕೆ ಅದನ್ನು ತಂದು ನನ್ನ ಕೌಂಟರಿನ ಮೇಲೆ ಎತ್ತಿಹಾಕಿ ‘ಓದು’ ಎಂದರು. ಜೊತೆಯಲ್ಲಿ ಆಕೆಯ ತಂದೆ ಇದ್ದರು. ದೇವನಹಳ್ಳಿ ಆಚೆಯ ಹಳ್ಳಿಯವರು, ಅವರ ಹೊಲ ಕೈಗಾರಿಕಾ ಪ್ರದೇಶಕ್ಕೆಂದು ಹೋಗಿತ್ತು. ಕೊನೆಯ ಪುಟದಲ್ಲಿ ಕನ್ನಡದ ಒಂದೇ ಒಂದು ಸಾಲಿತ್ತು: ‘ರೋಗಿಗೆ ಮುಂದುವರಿದ ಪುನರ್ವಸತಿಯ ಅಗತ್ಯವಿದೆ.’

ನಾನು ಅದನ್ನು ಓದಿದ್ದೇ ತಡ, ಬೆಂಚಿನ ಮೇಲಿದ್ದ ಮುದುಕರು ತಲೆಯೆತ್ತಿದರು. ‘ಪುನರ್ವಸತಿನಾ? ಯಾವ ಕಡೆ ಕೊಡ್ತಾರಂತೆ ಸೈಟು?’

ಅವರು ತಮಾಷೆ ಮಾಡಿರಲಿಲ್ಲ. ಆ ಪದವನ್ನು ಅವರು ಕೇಳಿದ್ದು ಜಮೀನಿನ ನೋಟಿಸಿನಲ್ಲಿ ಮಾತ್ರ. ಆಕೆ ಅಪ್ಪನ ಕಡೆ ನೋಡಿ, ನನ್ನ ಕಡೆ ತಿರುಗಿದರು.

‘ಕೊಡ್ತೀವಿ ಅಂತ ಬರ್ದು ಕೊಡದೇ ಇರೋದಕ್ಕೆ ಪುನರ್ವಸತಿ ಅಂತಾರೆ ಅಂದ್ಕೊಂಡಿದ್ದೆ ಕಣಪ್ಪಾ. ಆಸ್ಪತ್ರೇಲೂ ಅದೇ ಅರ್ಥಾನಾ?’

ಹೆಚ್ಚುಕಡಿಮೆ ಅದೇ ಅರ್ಥವಾಗಿತ್ತು. ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು, ಎಷ್ಟು ಕಾಲ ಮಾಡಬೇಕು, ಏನೂ ಬರೆದಿರಲಿಲ್ಲ. ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ: ಕೈಕಾಲಿಗೆ ಒಂದು ಬಗೆಯ ವ್ಯಾಯಾಮ, ಊಟ ಸ್ನಾನದಂಥ ದಿನದ ಕೆಲಸಗಳನ್ನು ಮತ್ತೆ ಕಲಿಸುವುದು ಇನ್ನೊಂದು, ಮಾತಿನ ತರಬೇತಿ ಮತ್ತೊಂದು. ಹೋದದ್ದನ್ನು ಆದಷ್ಟು ವಾಪಸು ತರುವ ಕೆಲಸ, ವಾಪಸು ಬಾರದ್ದನ್ನು ಬಿಟ್ಟು ಬದುಕಲು ಕಲಿಯುವ ಕೆಲಸ. ಆಕೆ ಕೇಳುತ್ತ ಕೇಳುತ್ತ ಫೈಲಿನ ಮೇಲೆ ಬೆರಳಿಟ್ಟರು. ‘ಇದೇನು, ಎಲ್ಲಾ ಪುಟದಲ್ಲೂ ಇದೆ?’

ಅಫೇಸಿಯಾ. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿ, ಓದಿಕೊಂಡು ಹೇಳಿದೆ. ಮಿದುಳಿನಲ್ಲಿ ಭಾಷೆಯನ್ನು ನೋಡಿಕೊಳ್ಳುವ ಜಾಗಕ್ಕೆ ಪೆಟ್ಟು ಬಿದ್ದರೆ ಹೀಗಾಗುತ್ತದೆ. ಹೇಳಬೇಕಾದ ಮಾತು ಸಿಗುವುದಿಲ್ಲ, ಒಂದು ಹೇಳಲು ಹೋದರೆ ಇನ್ನೊಂದು ಬರುತ್ತದೆ. ಬೇರೆಯವರು ಗಡಿಬಿಡಿಯಲ್ಲಿ ಆಡಿದ್ದು ಕೆಲವೊಮ್ಮೆ ತಪ್ಪಿಹೋಗುತ್ತದೆ. ಆದರೆ ಬುದ್ಧಿ, ನೆನಪು, ಜನರ ಗುರುತು ಇವೆಲ್ಲ ಇದ್ದ ಹಾಗೇ ಇರಬಹುದು.

ಆಕೆ ಫೈಲು ಮುಚ್ಚಿದರು. ಆಮೇಲೆ ಹೇಳಿದ್ದು ಇಷ್ಟು: ‘ಹಂಗಾದ್ರೆ ಅವ್ರು ಒಳಗಿದಾರೆ.’

ಮರುಗಳಿಗೆಯಲ್ಲೇ ದನಿ ಏರಿತು. ‘ಒಳಗಿರೋ ಮನುಷ್ಯನ ಮುಂದೆ ನಿಂತ್ಕೊಂಡು ಏನೇನ್ ಮಾತಾಡಿದ್ರಲ್ಲೋ ಇವ್ರೆಲ್ಲ! ಹೋಗಿದ್ರೇ ವಾಸಿಯಿತ್ತು ಅಂದ್ರಲ್ಲೋ, ಮಂಚದ ಪಕ್ಕದಲ್ಲೇ ನಿಂತ್ಕೊಂಡು! ಅಷ್ಟೂ ಕೇಳಿಸ್ಕೊಂಡಿದಾರೆ ಅವ್ರು!’

ಅಲ್ಲಿಂದ ಮುಂದೆ ಆಕೆ ಬೀದಿಯ ಜೊತೆ ಯುದ್ಧಕ್ಕೆ ನಿಂತರು. ‘ಅವರಿಗೆ ಬುದ್ಧಿ ಹೋಗಿದೆಯಂತೆ’ ಎಂದವರಿಗೆಲ್ಲ ಒಂದೇ ಉತ್ತರ: ‘ಬುದ್ಧಿ ಹೋಗಿಲ್ಲ, ಮಾತು ಹೋಗಿದೆ. ನಿಮಗೆ ಎರಡೂ ಇದ್ದು ಏನ್ ಕಡಿದಿದೀರಿ?’ ಗಂಡನಿಗೆ ಒಂದೊಂದೇ ಪದ ಬರತೊಡಗಿದಾಗ ಅವು ತಪ್ಪು ಜಾಗದಲ್ಲಿ ಬರುತ್ತಿದ್ದವು. ಟೀ ಬೇಕಾದರೆ ಸೋಪು ಎನ್ನುವರು. ನನ್ನ ಅಂಗಡಿಯಲ್ಲಿ ಮಾತ್ರೆ ಕೇಳಲು ಹೋಗಿ ಚಪ್ಪಲಿ ಎಂದಾಗ ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ. ಆಕೆ ಅವನ ಕಡೆ ತಿರುಗಿ, ‘ನಿಂಗೆ ಬೇಕಾದ್ರೆ ನಾನ್ ಕೊಡ್ತೀನಿ, ಯಾವ್ ಸೈಜು?’ ಎಂದರು. ಆತ ಬಂದ ಕೆಲಸ ಮರೆತು ಹೊರಟುಹೋದ.

ಶೆಡ್ಡಿನ ವಿಷಯಕ್ಕೆ ಬಂದಾಗ ಇದು ಬರಿ ಮಾನದ ಪ್ರಶ್ನೆಯಾಗಿ ಉಳಿಯಲಿಲ್ಲ. ಶೆಡ್ಡು ಗಂಡನ ಹೆಸರಿನಲ್ಲಿತ್ತು. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಮೈದುನ ಒಂದು ಭಾನುವಾರ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ, ಪತ್ರವನ್ನೂ ತಂದಿದ್ದ. ಆಕೆ ನನ್ನನ್ನು ಕೂಗಿ ಕರೆಸಿಕೊಂಡರು.

‘ಅಣ್ಣಾ, ಶೆಡ್ಡು ನಾನ್ ನೋಡ್ಕೋತೀನಿ. ನನ್ನ ಹೆಸರಿಗೆ ಮಾಡ್ಕೊಡ್ತೀಯಾ?’ ಎಂದು ಮೈದುನ ಕೇಳಿದ.

‘ಹೂಂ’ ಎಂದರು ಗಂಡ.

‘ಕೇಳಿಸ್ಕೊಂಡ್ರಲ್ಲ? ಅವನೇ ಒಪ್ಪಿದ.’

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಗಂಡನೆದುರು ನೆಲದ ಮೇಲೆ ಕುಳಿತರು.

‘ಏನ್ರೀ, ಇವತ್ತು ಅಮಾವಾಸ್ಯೆನಾ?’

‘ಹೂಂ.’

‘ಹುಣ್ಣಿಮೆನಾ?’

‘ಹೂಂ.’

‘ನಾನ್ ನಿಮ್ಮ ಗಂಡನಾ?’

‘ಹೂಂ’ ಎಂದವರೇ ಆ ಮನುಷ್ಯ ತಡೆದರು. ತಮ್ಮ ಬಾಯಿಂದ ಬಂದದ್ದು ಏನೆಂದು ಹೊಳೆದು, ಹೊಟ್ಟೆ ಕುಲುಕುವಂತೆ ನಕ್ಕುಬಿಟ್ಟರು. ಬಂದಿದ್ದ ಹಿರಿಯರಲ್ಲೊಬ್ಬರಿಗೂ ನಗು ತಡೆಯಲಾಗಲಿಲ್ಲ.

ಮೈದುನ ಬಿಡಲಿಲ್ಲ. ‘ನೋಡಿ, ಎಲ್ಲಕ್ಕೂ ಹೂಂ ಅಂತಾನೆ. ಬುದ್ಧಿ ಇಲ್ಲ ಅನ್ನೋಕೆ ಇನ್ನೇನ್ ಬೇಕು?’

‘ಈಗ ತಾನೇ ಒಪ್ಪಿದ ಅಂದೆ. ಈಗ ಬುದ್ಧಿ ಇಲ್ಲ ಅಂತೀಯ. ಎರಡ್ರಲ್ಲಿ ಒಂದು ಹೇಳೋ. ಅವರ ಬಾಯಿಗೆ ಸುಲಭವಾಗಿ ಬರೋದು ಹೂಂ ಒಂದೇ, ಅದಕ್ಕೆ ಅದೇ ಬರುತ್ತೆ. ಬುದ್ಧಿ ಇಲ್ದೋರು ತಮಾಷೆ ತಿಳ್ಕೊಂಡು ನಗ್ತಾರೇನೋ?’

ಹೀಗೆಂದು ಆ ಪತ್ರವನ್ನು ಅವನ ಕೈಯಿಂದ ಕಿತ್ತು ಗಂಡನ ಎಡಗೈಯಲ್ಲಿಟ್ಟರು. ‘ಶೆಡ್ಡು ತಮ್ಮಂಗೆ ಕೊಡೋದಾದ್ರೆ ಇದನ್ನ ಅವನ ಕೈಗೆ ಕೊಡಿ. ಬೇಡ ಅಂದ್ರೆ ನನ್ನ ಕೈಗೆ ಕೊಡಿ. ಬಾಯಿ ಬೇಡ.’

ಗಂಡ ಇಬ್ಬರನ್ನೂ ಒಮ್ಮೆ ನೋಡಿದರು. ಪತ್ರವನ್ನು ಮಡಿಸಿ, ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಗಟ್ಟಿಯಾಗಿ ಕುಳಿತರು. ಆಕೆ ಹಿರಿಯರ ಕಡೆ ತಿರುಗಿದಾಗಿನ ಆ ಮುಖದ ಹೆಮ್ಮೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ‘ನೋಡಿದ್ರಾ? ನನಗೂ ಕೊಡ್ಲಿಲ್ಲ!’

ಹಾಗೆಂದು ಆಕೆಯದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಆಕೆಯ ಸಿಟ್ಟಿಗೆ ಕಣ್ಣಿರಲಿಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯವರು ‘ಇನ್ನು ಸುಧಾರಣೆ ನಿಧಾನ’ ಎಂದು ನಿಜ ಹೇಳಿದ್ದಕ್ಕೆ ಅವರನ್ನು ಬೈದು ಓಡಿಸಿದ್ದರು. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹೆಣ್ಣುಮಗಳೊಬ್ಬಳ ಮೇಲೂ ಮೊದಲ ದಿನವೇ ಹರಿಹಾಯ್ದು ಬಂದರು. ಆಗಿದ್ದು ಇಷ್ಟು: ತರಬೇತಿಯವಳು ಗಂಡನ ಹೆಸರು ಕೇಳಿದಳು, ಗಂಡ ಬಾಯಿ ತೆರೆಯುವುದರೊಳಗೆ ಇವರು ಹೇಳಿದರು. ಊರು ಕೇಳಿದಳು, ಇವರೇ ಹೇಳಿದರು. ಊಟಕ್ಕೆ ಏನು ಇಷ್ಟ ಎಂದಳು, ಇವರು ಮುದ್ದೆ, ಅವರೆಕಾಳು ಸಾರು ಎಂದರು. ತರಬೇತಿಯವಳು ಪೆನ್ನು ಕೆಳಗಿಟ್ಟು, ‘ಅಮ್ಮಾ, ಊರೆಲ್ಲ ಇವರ ಬಾಯಿ ಮುಚ್ಚಿಸ್ತಾ ಇದೆ ಅಂದ್ರಿ. ನೀವೇನ್ ಮಾಡ್ತಾ ಇದೀರಿ?’ ಎಂದು ಕೇಳಿ, ಇವರನ್ನು ಕೋಣೆಯ ಆಚೆ ಕೂರಿಸಿದಳು.

‘ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ, ನನಗೆ ಹೇಳ್ತಾಳೆ!’ ಎಂದು ನನ್ನ ಅಂಗಡಿಯಲ್ಲಿ ನಿಂತು ದಿನಗಟ್ಟಲೆ ಕೂಗಾಡಿದರು. ಆಮೇಲೆ, ಯಾರಿಗೂ ಹೇಳದೆ, ಅದೇ ಹುಡುಗಿಯ ಬಳಿ ಗಂಡನನ್ನು ಕರೆದುಕೊಂಡು ಹೋದರು. ತಪ್ಪಾಯಿತು ಎಂಬ ಮಾತನ್ನು ಆಕೆಯ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಆದರೆ ಆಮೇಲಿನ ದಿನಗಳಲ್ಲಿ ಗಂಡ ನನ್ನ ಕೌಂಟರಿನ ಮುಂದೆ ನಿಂತು ಪದಕ್ಕಾಗಿ ತಡಕಾಡುವಾಗ, ಪಕ್ಕದಲ್ಲಿ ಆಕೆ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿರುತ್ತಿದ್ದರು. ಮುಖ ಕೆಂಪಾಗುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ. ಹಿಂದೆ ನಿಂತವರು ಗೊಣಗಿದರೆ ತಿರುಗಿ ಒಂದು ನೋಟ ಬಿಡುವರು, ಅಷ್ಟೆ. ಆ ಬಾಯಿಗೆ ಅದು ಎಂಥ ಶಿಕ್ಷೆ ಎಂದು ಬಲ್ಲವರೇ ಬಲ್ಲರು.

ಅವರಿಬ್ಬರೂ ಸಲೀಸಾಗಿ ಮಾತಾಡುತ್ತಿದ್ದ ಜಾಗ ಒಂದಿತ್ತು. ಮಗ್ಗ ಓಡುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಾದ್ದರಿಂದ ನೇಕಾರರ ಮನೆಗಳಲ್ಲಿ ಕೈಸನ್ನೆಯೇ ಮಾತು. ಎಳೆ ತುಂಡಾಯಿತು, ನೂಲು ಮುಗಿಯಿತು, ಟೀ ಬಂತು, ಬಾಗಿಲಲ್ಲಿ ಯಾರೋ ಬಂದಿದ್ದಾರೆ, ನಾನಿಲ್ಲವೆಂದು ಹೇಳು: ಇಷ್ಟಕ್ಕೂ ಸನ್ನೆಯಿದೆ. ಆಕೆ ಆಳಿಟ್ಟು ಮಗ್ಗ ಓಡಿಸತೊಡಗಿದ ಮೇಲೆ ಗಂಡನನ್ನು ಶೆಡ್ಡಿನಲ್ಲೇ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಎಡಗೈ, ಹುಬ್ಬು, ಗಲ್ಲ ಇಷ್ಟರಿಂದ ಆತ ಕೆಲಸ ಮಾಡಿಸುತ್ತಿದ್ದರು, ಹೆಂಡತಿಯನ್ನು ರೇಗಿಸುತ್ತಿದ್ದರು ಕೂಡ. ಆ ಗದ್ದಲದಲ್ಲಿ ನಿಂತು ನೋಡಿದರೆ ಅವರಿಗೆ ಏನಾದರೂ ಆಗಿದೆ ಎಂದು ಹೇಳಲು ಸಾಧ್ಯವೇ ಇರಲಿಲ್ಲ. ಬುದ್ಧಿಯಿಲ್ಲ ಎಂದು ಊರಿಗೆಲ್ಲ ಸಾರಿದ ಒಬ್ಬರಾದರೂ ಶೆಡ್ಡಿನೊಳಗೆ ಹೋಗಿ ಒಂದು ಗಳಿಗೆ ನಿಂತು ನೋಡಿದರೇ? ಇಲ್ಲ.

ಅಂಗವಿಕಲರ ಪ್ರಮಾಣಪತ್ರದ ಕತೆಯನ್ನು ಬೀದಿಯವರು ಇವತ್ತಿಗೂ ಆಕೆಯ ಹಟಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ತಪಾಸಣೆಗೆ ಹೋದಾಗ ಅಲ್ಲಿನ ಡಾಕ್ಟರು ಗಂಡನನ್ನು ಇವತ್ತು ಯಾವ ವಾರ ಎಂದು ಕೇಳಿದರು. ಅವರು ಹೇಳಲಾರದೆ ತಡವರಿಸಿದರು. ಬರೆದುಕೊಟ್ಟ ಕಾಗದದಲ್ಲಿ ‘ಬೌದ್ಧಿಕ ಅಸಾಮರ್ಥ್ಯ’ ಎಂದಿತ್ತು. ಆಕೆ ಅದನ್ನು ಮೇಜಿನ ಮೇಲೆ ವಾಪಸು ಇಟ್ಟರು.

‘ಇವರ ಬುದ್ಧಿಗೇನಾಗಿದೆ?’

‘ಯಾವ್ದಾದ್ರೇನಮ್ಮ, ಪೆನ್ಷನ್ ಬರುತ್ತಲ್ಲ’ ಎಂದರು ಗುಮಾಸ್ತರು.

‘ನಾಳೆ ಇದೇ ಕಾಗದ ಹಿಡ್ಕೊಂಡು ಅಣ್ಣಂಗೆ ಬುದ್ಧಿ ಇಲ್ಲ ಅಂತ ಇವರ ತಮ್ಮ ಕೋರ್ಟಿಗೆ ಹೋದ್ರೆ, ಸಾಕ್ಷಿ ಹೇಳೋಕೆ ನೀವ್ ಬರ್ತೀರಾ?’

ಬರಿಗೈಯಲ್ಲಿ ಬಂದರು. ಬರುವ ಪಿಂಚಣಿಯನ್ನು ಒಂದು ಪದಕ್ಕೋಸ್ಕರ ಬಿಟ್ಟ ಹುಚ್ಚಿ ಎಂದು ಬೀದಿ ನಕ್ಕಿತು. ತರಬೇತಿಯ ಆ ಹುಡುಗಿಯೇ ವರದಿ ಬರೆದುಕೊಟ್ಟಳು: ಈ ಮನುಷ್ಯನ ತೊಂದರೆ ಭಾಷೆಯದು, ಬುದ್ಧಿಯದಲ್ಲ ಎಂದು. ಅದನ್ನು ಹಿಡಿದು ಆಕೆ ಮತ್ತೆ ಮತ್ತೆ ಅಲೆದರು. ಡಾಕ್ಟರು ರಜೆ, ಕಂಪ್ಯೂಟರು ಕೆಟ್ಟಿದೆ, ಮುಂದಿನ ವಾರ ಬನ್ನಿ. ನಡೆಯಲು ಕಷ್ಟವಿರುವ ಗಂಡನನ್ನು ಬಸ್ಸು ಹತ್ತಿಸಿ ಇಳಿಸಿ, ಬೈದು, ಬೈಸಿಕೊಂಡು, ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಹೊಸ ಪತ್ರ ತಂದರು. ‘ವಾಕ್ ಮತ್ತು ಭಾಷಾ ನ್ಯೂನತೆ.’ ನನ್ನ ಕೈಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಸಿದರು. ಬೇಕರಿಯವನಿಗೂ ಕೇಳಿಸಲಿ ಎಂದು.

ಕಾನೂನಿನಲ್ಲಿ ಮೊದಲೇ ಇದ್ದ ಪದ ಅದು. ಇರುವ ಪದವನ್ನು ಇರುವ ಜಾಗದಲ್ಲಿ ಬರೆಸಲು ಒಬ್ಬ ಹೆಂಗಸು ಅಷ್ಟು ಅಲೆಯಬೇಕಾಯಿತು. ನಗಬೇಕಾದದ್ದು ಯಾರನ್ನು ನೋಡಿ?

ಹೋದ ಬೇಸಿಗೆಯಲ್ಲಿ, ಬೆಳಿಗ್ಗೆ ತರಕಾರಿಗೆಂದು ಹೋದ ಆಕೆ ಮಾರ್ಕೆಟ್ಟಿನಲ್ಲೇ ಕುಸಿದು ಬಿದ್ದರು. ಹೃದಯಾಘಾತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಸುದ್ದಿ ತಿಳಿದು ನಾನು ಅಂಗಡಿ ಮುಚ್ಚಿ ಓಡಿದಾಗ ಜಗುಲಿಯ ಮೇಲೆ ಆಕೆಯನ್ನು ಮಲಗಿಸಿದ್ದರು. ಬೀದಿಯೆಲ್ಲ ನೆರೆದಿತ್ತು. ಗಂಡ ಮಾತ್ರ ಕಾಣಲಿಲ್ಲ.

‘ಅಣ್ಣನ್ನ ನಮ್ಮನೇಲಿ ಕೂರ್ಸಿದೀವಿ. ಟೀವಿ ಹಾಕ್ಕೊಟ್ಟಿದೀವಿ’ ಎಂದ ಮೈದುನ.

‘ಹೇಳಿದ್ರಾ?’

‘ಏನಂತ ಹೇಳೋದು ಗುರು? ಅರ್ಥ ಆಗಲ್ಲ, ಸುಮ್ನೆ ಗಾಬರಿ ಬೀಳ್ತಾನೆ. ಎಲ್ಲಾ ಮುಗಿದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು.’

ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿದ್ದು. ಆಕೆ ಅಷ್ಟು ವರ್ಷ ಗಂಟಲು ಹರಿದುಕೊಂಡದ್ದು ಆಕೆಯ ಹೆಣದ ಮುಂದೆಯೇ ಇವನಿಗೆ ಮರೆತುಹೋಗಿತ್ತು. ನಾನು ಪಕ್ಕದ ಬೀದಿಯ ಅವನ ಮನೆಗೆ ನಡೆದೆ.

ಟೀವಿಯಲ್ಲಿ ಯಾವುದೋ ಹಾಸ್ಯದ ಕಾರ್ಯಕ್ರಮ ಕಿರುಚುತ್ತಿತ್ತು. ಆತ ಬಾಗಿಲಿನ ಕಡೆ ಮುಖ ಮಾಡಿ ಕುಳಿತಿದ್ದರು. ನನ್ನನ್ನು ಕಂಡವರೇ ಅರ್ಧ ಎದ್ದು, ‘ಎಲ್ಲಿ?’ ಎಂದರು. ಪದ ಸರಿಯಾಗಿಯೇ ಬಂತು.

ಟೀವಿ ಆರಿಸಿ ಎದುರಿಗೆ ಕುಳಿತೆ. ಅವರ ಕೈ ಹಿಡಿದು, ಚಿಕ್ಕ ಚಿಕ್ಕ ಮಾತಿನಲ್ಲಿ, ನಡುವೆ ಬಿಡುವು ಕೊಟ್ಟು ಹೇಳಿದೆ. ‘ಅಕ್ಕ ಸತ್ತುಹೋದ್ರು. ಇವತ್ತು ಬೆಳಿಗ್ಗೆ. ಮಾರ್ಕೆಟ್ಟಲ್ಲಿ. ಹೃದಯ ನಿಂತುಹೋಯ್ತು.’ ನನ್ನ ತುಟಿಗಳನ್ನೇ ನೋಡುತ್ತಿದ್ದವರು ಕಣ್ಣು ಮುಚ್ಚಿದರು. ನಾನು ಹಿಡಿದಿದ್ದ ಕೈ ಬಿಗಿಯಾಯಿತು, ಸಡಿಲವಾಯಿತು. ಆಮೇಲೆ ಅವರ ಪಾದ ನೆಲದ ಮೇಲೆ ಚಪ್ಪಲಿಗಾಗಿ ತಡಕಾಡತೊಡಗಿತು.

ನಾವು ಬಂದದ್ದು ಕಂಡು ಜನ ದಾರಿ ಬಿಟ್ಟರು. ‘ಪಾಪ, ಯಾರು ಅಂತ ಗುರುತು ಸಿಗುತ್ತೋ ಇಲ್ವೋ’ ಎಂದು ಯಾರೋ ಪಿಸುಗುಟ್ಟಿದರು, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ. ಅವರು ಹೆಂಡತಿಯ ತಲೆಯ ಪಕ್ಕ ಕುಳಿತರು. ಅಳಲಿಲ್ಲ. ಬಾಯಿ ಅಲುಗಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ‘ಏನಣ್ಣಾ, ಕುರ್ಚಿ ಬೇಕಾ? ಫ್ಯಾನ್ ಹಾಕ್ಲಾ? ಒಳಗ್ ಮಲಗ್ತೀಯಾ?’ ಎಂದು ಸುತ್ತಲೂ ದನಿಗಳೆದ್ದವು. ಅವರು ಯಾವುದಕ್ಕೂ ಹೂಂ ಎನ್ನಲಿಲ್ಲ. ತಲೆ ಅಡ್ಡಡ್ಡ ಆಡಿಸುತ್ತ ಹುಡುಕಿದರು, ಹುಡುಕಿದರು.

‘ನೀರು’ ಎಂದರು.

ಮೈದುನನ ಹೆಂಡತಿ ಒಳಗೆ ಓಡಿ ಲೋಟದಲ್ಲಿ ನೀರು ತಂದಳು. ಮಗುವಿಗೆ ಕುಡಿಸುವ ಹಾಗೆ ಅವರ ಗಲ್ಲ ಹಿಡಿದು ತುಟಿಗೆ ಇಟ್ಟಳು. ಅವರು ಮುಖ ತಿರುಗಿಸಿ, ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ಅರ್ಧ ನೀರು ಚೆಲ್ಲಿತು. ಉಳಿದದ್ದನ್ನು ಮೆಲ್ಲಗೆ ವಾಲಿಸಿ, ಹೆಂಡತಿಯ ಬಾಯಿಗೆ ಒಂದು ಹನಿ ಬಿಟ್ಟರು. ಇನ್ನೊಂದು ಹನಿ ಬಿಟ್ಟರು. ಗಲ್ಲದ ಮೇಲೆ ಇಳಿದದ್ದನ್ನು ಹೆಬ್ಬೆರಳಿನಿಂದ ಒರೆಸಿದರು.

ಅವರು ಲೋಟವನ್ನು ತಮ್ಮನ ಕಡೆ ಚಾಚಿದರು. ಅವನು ಏನು ಮಾಡಬೇಕೆಂದು ತಿಳಿಯದೆ ಸುತ್ತ ನೋಡಿದ.

‘ಹಾಕು’ ಎಂದರು ಅವರು, ಸ್ಪಷ್ಟವಾಗಿ.

ಅವನು ಮೊಣಕಾಲೂರಿ ಬಗ್ಗಿ ಲೋಟ ಇಸಿದುಕೊಂಡ.